ಗೂಡಿನ ಬಸ್ಸಿನ ಸರಾಸರಿ

ಸರ್ಕಾರದ ಒಂದು ಯೋಜನೆಗೆ ಖರ್ಚೆಷ್ಟು, ಅದರಿಂದ ಜನಕ್ಕೆ ಅನುಕೂಲವೆಷ್ಟು ಎಂದು ತೂಗಿ ನೋಡುವ ವಿದ್ಯೆಯನ್ನು ನಾನು ಕಲಿತದ್ದು ಬಸ್ಸಿನಲ್ಲಿ, ನಿದ್ದೆಗೆಟ್ಟು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಗಾರ್ಮೆಂಟ್ಸ್ ವ್ಯಾನುಗಳು ಮಾಗಡಿ ಸೀಮೆಯ ಹಳ್ಳಿಗಳಿಗೇ ಬಂದು ಹೆಣ್ಣುಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದವು. ಹಾಗಾದರೆ ನನ್ನ ಸೋದರತ್ತೆಯ ಊರಿಂದ ರಾಮನಗರಕ್ಕೆ ಹೋಗುವ ಬೆಳಗಿನ ಬಸ್ಸು ಇನ್ನು ಬೇಕೆ ಎಂದು ನೋಡಿಬರಲು ಇಲಾಖೆಯಿಂದ ನಮ್ಮ ಸಾಹೇಬರನ್ನೂ ನನ್ನನ್ನೂ ಕಳಿಸಿದರು. ಅತ್ತೆಗೋ, ರೇಷ್ಮೆಗೂಡು ಮಾರ್ಕೆಟ್ಟಿಗೆ ಸಾಗಿಸಲು ಆ ಬಸ್ಸೊಂದೇ ಗತಿ. ವ್ಯಾನಿನವರು ಚೀಲ ಮುಟ್ಟುತ್ತಿರಲಿಲ್ಲ.

ನಾವು ಹೋದ ದಿನ ಬಸ್ಸು ಬಣಬಣ.

"ನೋಡ್ರೀ, ಸುಮ್ನೆ ಡೀಸೆಲ್ ಸುಡ್ತಿದಾರೆ" ಎಂದರು ಸಾಹೇಬರು.

ಊರೊಳಗೆ ಕಾಲಿಟ್ಟರೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳಗಿಂದ ಹುಳ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ. ಆ ಊರಿನವರು ಮರಿಹುಳವನ್ನು ಒಂದೇ ಕಡೆಯಿಂದ, ಒಟ್ಟಿಗೇ ತರುತ್ತಾರೆ. ಮೇಯುವ ದಿನಗಳಲ್ಲಿ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಗೂಡು ಬಿಡಿಸಿದ ದಿನ ಊರಿಗೂರೇ ಬಸ್ಸು ಹತ್ತುತ್ತದೆ.

ಅತ್ತೆ ಬಾಗಿಲನ್ನು ಅರ್ಧ ತೆರೆದಳು. "ಅಲ್ಲೇ ನಿಂತ್ಕೊ ಅಳಿಯ. ಸಾಹೇಬ್ರ ಬಾಯಲ್ಲಿ ಸಿಗ್ರೇಟು ಐತೆ, ಹುಳಕ್ಕಾಗಲ್ಲ. ಈಗ ಬಂದು ಬಸ್ ನೋಡುದ್ರೆ ಏನ್ ಬಂತು? ಹುಣ್ಣಿಮೆ ಕಳೀಲಿ, ಬಾ. ಕಾಲಿಕ್ಕಕ್ಕೆ ಜಾಗ ಸಿಕ್ಬುಟ್ರೆ ನಾನು ನಿನ್ನತ್ತೇನೇ ಅಲ್ಲ."

ಸಾಹೇಬರು ನಿಟ್ಟುಸಿರಿಟ್ಟರು. "ಮತ್ತೆ ಕೋಳಿ ಕೂಗೋ ಹೊತ್ತಿಗೆ ಏಳ್ಬೇಕೇನ್ರೀ?" ಒಳ್ಳೆಯವರು, ಹುಣ್ಣಿಮೆ ಕಳೆದ ಮೇಲೆ ಎದ್ದು ಬಂದರು. ಈ ಸಲ ದಾರಿಯುದ್ದಕ್ಕೂ ಒಂದೇ ಕಾಲಲ್ಲಿ ನಿಂತರು, ಮುಖಕ್ಕೆ ಒತ್ತಿಕೊಂಡು ಯಾರದೋ ಗೂಡಿನ ಚೀಲ.

"ಸಾರ್, ಒಸಿ ಉಸ್ರು ಒಳಕ್ಕೆಳ್ಕೊಳಿ, ಅಜ್ಜಿ ಹತ್ಬೇಕು!" ಎಂದು ಕಂಡಕ್ಟರು ಕೂಗುತ್ತಿದ್ದ.

ಇಳಿದು ಬೆವರೊರೆಸಿಕೊಂಡು ಸಾಹೇಬರು ಎರಡು ದಿನದ ಜನವನ್ನೂ ಕೂಡಿಸಿ ಸರಾಸರಿ ತೆಗೆದರು. ಬಸ್ಸು ಅರ್ಧ ತುಂಬಿತು.

"ಸಾರ್, ಅರ್ಧ ತುಂಬಿದ ಬಸ್ಸನ್ನ ನಾವು ಕಂಡೇ ಇಲ್ವಲ್ಲ."

"ಗೊತ್ತು ಕಣ್ರೀ. ಮೇಲಿನೋರಿಗೆ ಒಂದೇ ಅಂಕಿ ಬೇಕು."

ಇನ್ನೂ ವಾದಿಸಬಹುದಿತ್ತು. ಇಬ್ಬರಿಗೂ ತ್ರಾಣವಿರಲಿಲ್ಲ. ಕೊನೆಗೆ ಬಸ್ಸು ಉಳಿಯಿತು, ವಾರಕ್ಕೆರಡು ದಿನ.

ಸುದ್ದಿ ಹೇಳಲು ನಾನೇ ಹೋದೆ. ಅತ್ತೆ ಬೈಯಲಿಲ್ಲ, ಕಾಫಿ ಕೊಟ್ಟಳು. "ಆಗ್ಲಿ ಬುಡು. ಹುಳಗೋಳ್ಗೂ ನೀನೇ ಒಂದ್ಮಾತು ಹೇಳ್ಬುಟ್ಟೋಗು ಅಳಿಯ, ಮಂಗ್ಳಾರ, ಸುಕ್ರಾರಕ್ಕೇ ಸರ್ಯಾಗಿ ಗೂಡು ಕಟ್ರವ್ವಾ ಅಂತ."

ಅಂದು ಬುಧವಾರ. ಲೋಟ ಕೆಳಗಿಟ್ಟು, ಟಾರು ರಸ್ತೆಯ ತನಕ ನಡೆದೇ ಬಂದೆ.