ಮಗ್ಗದ ಕಾಲಿಗೊಂದು ಬೈಕು

ಮೊಳಕಾಲ್ಮೂರಿನ ಅಶ್ವಥ್ ಹನ್ನೆರಡನೇ ವಯಸ್ಸಿಗೇ ಗುಂಡಿಮಗ್ಗಕ್ಕೆ ಕಾಲಿಳಿಸಿದವನು. ಅವನು ನೇಯ್ದ ರೇಷ್ಮೆ ಸೀರೆಗಳು ಯಾವ್ಯಾವ ಊರಿನ ಮದುವೆಮನೆಗಳಿಗೋ ಹೋಗಿದ್ದವು. ಅವನು ಮಾತ್ರ ಮೂವತ್ತೆರಡು ತುಂಬಿದರೂ ಬೆಂಗಳೂರಿನಿಂದ ಆಚೆ ಕಾಲಿಟ್ಟಿರಲಿಲ್ಲ. ಸಮುದ್ರವನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ.

2003ರ ದೀಪಾವಳಿ ಮುಗಿದ ವಾರ ಚಳ್ಳಕೆರೆಯ ಎಣ್ಣೆಮಿಲ್ಲಿನ ಸಂಗಮೇಶ ಮನೆಗೆ ಬಂದ. ಹಿಂದೊಮ್ಮೆ ತಂಗಿಯ ಮದುವೆ ಸೀರೆಗೆಂದು ಬಂದು ಸ್ನೇಹಿತನಾದವನು. “ಸಂಕ್ರಾಂತಿ ಆದ್ಮೇಲೆ ನಾಲ್ಕು ಜನ ಬೈಕಲ್ಲಿ ಕನ್ಯಾಕುಮಾರಿಗೆ ಹೊಂಟೀವಿ. ಐದನೆಯವನು ನೀನಾಗ್ತೀಯೇನಲೇ?” ಎಂದ. ಅಶ್ವಥ್ ಬಾಯಿ ಬಿಡುವ ಮೊದಲೇ ಅವನ ಮುಖ ಒಪ್ಪಿಕೊಂಡುಬಿಟ್ಟಿತ್ತು. ಅದನ್ನು ಹೆಂಡತಿ ಶ್ರುತಿ ಕಂಡಳು, ಕಂಡು ಹೆದರಿದಳು.

ಶ್ರುತಿ ದಾವಣಗೆರೆಯಲ್ಲಿ ಓದಿದವಳು. ಮಗಳಿಗೆ ಹತ್ತು ತಿಂಗಳು. ಮಗು ಸೀನಿದರೆ ನ್ಯುಮೋನಿಯಾ, ಗಂಡ ಬರುವುದು ಹತ್ತು ನಿಮಿಷ ತಡವಾದರೆ ಲಾರಿ, ಹೀಗೇ ಓಡುತ್ತಿತ್ತು ಅವಳ ತಲೆ. “ನಿಮ್ಮ ದಾವಣಗೆರೆ ಸ್ಕೂಲಲ್ಲಿ ಹೆದರಿಕೇನೂ ಒಂದು ಪಾಠ ಇತ್ತೇನಮ್ಮ?” ಎಂದು ಅತ್ತೆ ಓಬಕ್ಕ ಕಿಚಾಯಿಸುತ್ತಿದ್ದಳು. ಆದರೂ ಆ ದಿನ ಶ್ರುತಿಗೆ ಬೇಡ ಎನ್ನಲಾಗಲಿಲ್ಲ. ಇಪ್ಪತ್ತು ವರ್ಷ ಒಂದೇ ಗೋಡೆ ನೋಡುತ್ತ ಕೂತವನ ಮುಖ ಹಾಗೆ ಬೆಳಗಿದ್ದನ್ನು ಅವಳು ಮಗಳು ಹುಟ್ಟಿದ ದಿನ ಬಿಟ್ಟರೆ ಕಂಡಿರಲಿಲ್ಲ.

“ಹೋಗಿ ಬನ್ನಿ,” ಎಂದಳು ಕೊನೆಗೆ. “ಆದ್ರೆ ಗಾಡಿ ನಾನು ಒಪ್ಪಿದ್ದೇ ಆಗ್ಬೇಕು.”

ಮನೆಯಲ್ಲಿದ್ದ ಹಳೆಯ ಬೈಕು ಹಾನಗಲ್ ಕ್ರಾಸಿನ ತನಕ ಹೋಗಿ ಬಂದರೇ ಕೆಮ್ಮುತ್ತಿತ್ತು. ಒಂಬೈನೂರು ಕಿಲೋಮೀಟರಿಗೆ ಬೇರೆಯದೇ ಬೇಕಿತ್ತು. ಶ್ರುತಿ ಮಗಳ ಲಸಿಕೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು: ಎರಡೂ ಕಾಲು ನೆಲಕ್ಕೆ ಪೂರಾ ಊರಬೇಕು. ಕುರ್ಚಿಯಲ್ಲಿ ಕೂತ ಹಾಗೆ ಆರಾಮಾಗಿ ಕೂರುವಂತಿರಬೇಕು. ಬ್ರೇಕು ಕಾಲ ಕೆಳಗೇ ಇರಬೇಕು, ಹುಡುಕುವಂತಿರಬಾರದು.

ಚಳ್ಳಕೆರೆಯಲ್ಲಿ ಮಲ್ಲಿಕ್ ಎಂಬವನು ಹಳೆಯ ಬೈಕು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಅವನ ಗ್ಯಾರೇಜಿನಲ್ಲಿ ದೂರಕ್ಕಾಗುವಂಥವು ಎರಡಿದ್ದವು. ಒಂದು ಕಪ್ಪು ಬಣ್ಣದ್ದು, ಸೀಟು ತಗ್ಗು, ಹ್ಯಾಂಡಲ್ ಎತ್ತರ, ಕಾಲು ಮುಂದಕ್ಕೆ ಇಳಿಬಿಟ್ಟು ರಾಜನ ಹಾಗೆ ಕೂರಬಹುದು. ಇನ್ನೊಂದು ಕೆಂಪು. ಗಾಳಿ ಎದೆಗೆ ಹೊಡೆಯದಂತೆ ಮುಂದೆ ಒಂದು ಮುಸುಡಿ, ಅದರ ಮೇಲೆ ಗಾಜು. ಕಾಲನ್ನು ಹಿಂದಕ್ಕೆ ಮಡಿಸಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ ಕೂರಬೇಕು.

“ಇದು ರೇಸಿನವರ ಗಾಡಿ,” ಎಂದಳು ಶ್ರುತಿ, ಮಗುವನ್ನು ಆ ಕಡೆಯಿಂದ ಈ ಕಡೆಯ ಸೊಂಟಕ್ಕೆ ಬದಲಿಸಿಕೊಂಡು, ಬೈಕು ಮಗುವನ್ನೇನೋ ಮಾಡೀತು ಎಂಬಂತೆ.

“ಅಲ್ಲ ಅಕ್ಕಾ,” ಎಂದ ಮಲ್ಲಿಕ್. “ಇದು ರೇಸಿಗೂ ಅಲ್ಲ, ಸಂತೆಗೂ ಅಲ್ಲ. ದಿನಕ್ಕೆ ಐನೂರು ಕಿಲೋಮೀಟರ್ ಹೊಡೆದ್ರೂ ಮನುಷ್ಯ ಮನುಷ್ಯನಾಗೇ ಇಳೀಬೇಕು ಅಂತ ಮಾಡಿರೋದು.”

ಅವಳು ಕಪ್ಪನ್ನೇ ಆರಿಸಿದಳು. ಅಶ್ವಥ್‌ಗೆ ಕೆಂಪಿನ ಮೇಲೆ ಕಣ್ಣಿತ್ತು, ಆದರೆ ಮಾತು ಕೊಟ್ಟಿದ್ದ. ಎಂಟು ದಿನ ಓಡಿಸಿ ನೋಡಿ ಹೇಳಿ ಎಂದು ಮಲ್ಲಿಕ್ ಕೀಲಿ ಕೊಟ್ಟ.

ಮುಂದಿನ ಭಾನುವಾರ ಮಗುವನ್ನು ಓಬಕ್ಕನ ಹತ್ತಿರ ಬಿಟ್ಟು ಶ್ರುತಿ ಗಂಡನ ಹಿಂದೆ ಕೂತಳು. ಸಂಗಮೇಶ ತನ್ನ ಬೈಕಿನಲ್ಲಿ ಇಪ್ಪತ್ತು ಅಡಿ ಹಿಂದೆ. ಚಳ್ಳಕೆರೆಯವರೆಗೆ ಸಾಲಾಗಿ ಹೋಗಿ ಅಭ್ಯಾಸ ಮಾಡುವುದೆಂದು ಮಾತಾಗಿತ್ತು. ಬಿ.ಜಿ.ಕೆರೆ ದಾಟುವವರೆಗೂ ಎಲ್ಲ ಚೆನ್ನಾಗಿತ್ತು. ರಸ್ತೆ ನೇರವಾಗಿ, ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು ಮಾತ್ರ ಉಳಿದಾಗ ಅಶ್ವಥ್ ಮಾತು ನಿಲ್ಲಿಸಿ ಮೂಗಿನಲ್ಲೇ ಏನೋ ಗುನುಗತೊಡಗಿದ. ಆಮೇಲೆ ಗಾಡಿ ಒಮ್ಮೆ ಜಗ್ಗಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ತಳಕು ಹತ್ತಿರ ಬರುವಷ್ಟರಲ್ಲಿ ಅದು ಜಗ್ಗುವುದಕ್ಕೆ ಒಂದು ತಾಳವೇ ಬಂದಿತ್ತು. ಹಿಂದಿನಿಂದ ಟಯರ್ ಕಿರುಚಿದ ಸದ್ದು ಕೇಳಿ ಶ್ರುತಿ ಕಣ್ಣು ಮುಚ್ಚಿಕೊಂಡಳು. ಸಂಗಮೇಶ ಇವರನ್ನು ಗುದ್ದುವುದು ಒಂದು ಮೊಳದಲ್ಲಿ ತಪ್ಪಿತ್ತು.

“ಲೇ, ಖಾಲಿ ರಸ್ತೇಲಿ ಬ್ರೇಕ್ ಯಾಕೆ ಹೊಡೆದ್ಯೋ?” ಎಂದು ಕೂಗಿದ ಸಂಗಮೇಶ.

“ನಾನು ಹೊಡೆದಿಲ್ಲ ಕಣೋ.”

“ಮತ್ತೆ ನಮ್ಮಪ್ಪ ಬಂದು ಹೊಡೆದ್ನಾ?”

ಚಳ್ಳಕೆರೆ ಮುಟ್ಟಿದ ಮೇಲೆ ಮಲ್ಲಿಕ್ ಬ್ರೇಕನ್ನು ಬಿಚ್ಚಿ ನೋಡಿದ. ಎಲ್ಲ ಸರಿಯಿತ್ತು. ಸಂಗಮೇಶ ತಾನೇ ಕಪ್ಪು ಬೈಕು ಹತ್ತಿ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದ. ಒಂದು ಸಲವೂ ಜಗ್ಗಲಿಲ್ಲ. ಇಳಿದು ಹೆಲ್ಮೆಟ್ ತೆಗೆದು, ಸ್ನೇಹಿತನ ಮುಖ ನೋಡದೆ ಹೇಳಿದ, “ಬೇಜಾರಾಗ್ಬೇಡ. ಸಾಲಲ್ಲಿ ಹೋಗುವಾಗ ಒಬ್ಬ ಹಿಂಗೆ ಮಾಡಿದ್ರೆ ಹಿಂದಿನವರೆಲ್ಲ ಹೋದಂಗೆ. ನೀನು ನನ್ನ ಹಿಂದೆ ಕೂತ್ಕೊಂಡು ಬಾ.”

“ಕೂತ್ಕೊಂಡು ಹೋಗೋಕೆ ಬಸ್ಸೈತೆ ಬಿಡು,” ಎಂದ ಅಶ್ವಥ್.

ಶ್ರುತಿಗೆ ನಿರಾಳವಾಗಬೇಕಿತ್ತು. ಅವಳಿಗೆ ಬೇಕಾದದ್ದೇ ಆಗಿತ್ತಲ್ಲ. ಆದರೆ ಮೂರು ದಿನ ಅಶ್ವಥ್ ಮಗ್ಗ ಬಿಟ್ಟು ಏಳಲಿಲ್ಲ, ಉಣ್ಣುವಾಗ ತಲೆ ಎತ್ತಲಿಲ್ಲ. ಇಂಥ ನಿರಾಳ ತನಗೆ ಬೇಡವೆಂದು ಅವಳಿಗೆ ಅನ್ನಿಸತೊಡಗಿತು.

ನಾಲ್ಕನೇ ದಿನ ಮಧ್ಯಾಹ್ನ ಮಗು ಅಳುವುದನ್ನು ನಿಲ್ಲಿಸಲೇ ಇಲ್ಲ. ಲಾಳಿಯ ಸದ್ದು ಕೇಳಿದರೆ ಸುಮ್ಮನಾಗುತ್ತದೆಂದು ಶ್ರುತಿ ಅದನ್ನು ಎತ್ತಿಕೊಂಡು ಮಗ್ಗದ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಂದ ಗುಂಡಿಯೊಳಗೆ ಗಂಡನ ಕಾಲು ಕಾಣುತ್ತಿತ್ತು. ಬಲಗಾಲು ಹಲಗೆ ತುಳಿಯಿತು, ಲಾಳಿ ಓಡಿತು. ಎಡಗಾಲು ತುಳಿಯಿತು, ಲಾಳಿ ಮರಳಿತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಕಣ್ಣು ಅರ್ಧ ಮುಚ್ಚಿತ್ತು. ಮೂಗಿನಲ್ಲಿ ಅದೇ ಗುನುಗು, ಬಿ.ಜಿ.ಕೆರೆ ದಾಟಿದ ಮೇಲೆ ಕೇಳಿದ್ದು.

ಆಗ ಶ್ರುತಿಗೆ ಹೊಳೆಯಿತು. ಮೈಮರೆತು ಗುನುಗತೊಡಗಿದ ಕೂಡಲೇ ಇವನ ಕಾಲು ನೇಯತೊಡಗುತ್ತದೆ. ಬೈಕಿನಲ್ಲಿ ಬಲಗಾಲ ಕೆಳಗೆ ಇರುವುದು ಬ್ರೇಕು. ತಾನು ಹುಡುಕಿ ಹುಡುಕಿ ಆರಿಸಿದ ಗಾಡಿಯಲ್ಲಿ ಕೂರುವುದು ಥೇಟ್ ಗುಂಡಿಮಗ್ಗದಲ್ಲಿ ಕಾಲು ಮುಂದಕ್ಕೆ ಇಳಿಬಿಟ್ಟು ಕೂತ ಹಾಗೆ.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ರಸ್ತೆ ಬಿಟ್ಟು ಕಾಲನ್ನೇ ನೋಡುತ್ತಾನೆ ಎಂಬ ಹೊಸ ಹೆದರಿಕೆ ಹುಟ್ಟಿತ್ತು. ಅತ್ತೆಗೆ ಹೇಳಿದಳು. ಓಬಕ್ಕ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡಿದಳು.

“ಹಂಗಾದ್ರೆ ಕಾಲು ಹಿಂದಕ್ಕೆ ಕಟ್ಟಬೇಕು ಅವನಿಗೆ.”

“ಕೆಂಪು ಗಾಡೀಲಿ ಕಾಲು ಹಿಂದಕ್ಕೇ ಇರುತ್ತೆ ಅತ್ತೆ, ಮಗ್ಗದ ಹಲಗೆ ತುಳಿದ ಹಾಗೆ ತುಳಿಯೋಕಾಗಲ್ಲ. ಆದ್ರೆ ಬೆನ್ನು ಬಗ್ಗಿಸ್ಬೇಕು. ಒಂಬೈನೂರು ಕಿಲೋಮೀಟರ್ ಹೇಗೆ ಬಗ್ಗಿ ಕೂರ್ತಾರೆ?”

ಓಬಕ್ಕ ನಕ್ಕಳು. “ನೇಕಾರನ ಬೆನ್ನು ನೆಟ್ಟಗೆ ಇದ್ದಿದ್ದು ನೀನು ಯಾವತ್ತು ನೋಡ್ದೆ?”

ಶ್ರುತಿಯೇ ಸಂಗಮೇಶನಿಗೆ ಫೋನು ಮಾಡಿದಳು. “ಅಣ್ಣಾ, ಇನ್ನೊಂದು ಸಲ ನೋಡೋಣ. ಕೆಂಪು ಗಾಡಿ.”

“ನೀನು ಹೇಳ್ತಿದೀಯಾ ತಂಗೀ?” ಸಂಗಮೇಶ ಎರಡು ಸಲ ಕೇಳಿದ.

ಮಲ್ಲಿಕ್ ಕಳಿಸಿದ ಕೆಂಪು ಬೈಕನ್ನು ಭಾನುವಾರ ಅಶ್ವಥ್ ಹತ್ತಿದ. ಸಂಗಮೇಶ ಈ ಸಲ ಬೈಕು ಬಿಟ್ಟು ಮಾರುತಿ ವ್ಯಾನು ತಂದಿದ್ದ. ಶ್ರುತಿ ಮಗುವಿನೊಂದಿಗೆ ಮುಂದೆ ಕೂತಳು, ಓಬಕ್ಕ ಹಿಂದೆ. ಮೂವರ ಕಣ್ಣೂ ಬೈಕಿನ ಹಿಂದಿನ ಕೆಂಪು ದೀಪದ ಮೇಲೆ. ಬ್ರೇಕು ತುಳಿದರೆ ಅದು ಹೊತ್ತಿಕೊಳ್ಳುತ್ತದೆ. ಮಗ್ಗದ ಹಾಸಿನ ಎಳೆ ಎಣಿಸಿ ಪಳಗಿದ ಓಬಕ್ಕ ಮನೆಮಾತು ತೆಲುಗಿನಲ್ಲೇ ಎಣಿಕೆಗೆ ನಿಂತಳು.

“ಒಕಟಿ,” ಎಂದಳು ಹಾನಗಲ್ ಕ್ರಾಸಿನಲ್ಲಿ. ಅಲ್ಲಿ ಬಸ್ಸು ಅಡ್ಡ ಬಂದಿತ್ತು. “ರೆಂಡು.” ಅದು ರಸ್ತೆಯುಬ್ಬು. ಬಿ.ಜಿ.ಕೆರೆ ಬಂತು, ಹೋಯಿತು. ರಸ್ತೆ ನೇರವಾಯಿತು. ಬೈಕಿನ ಮೇಲೆ ಅಶ್ವಥನ ಭುಜ ಸಡಿಲವಾದದ್ದು ಶ್ರುತಿಗೆ ಗೊತ್ತಾಯಿತು. ಈಗ ಗುನುಗುತ್ತಿದ್ದಾನೆ, ಈಗಲೇ. ಅವಳು ಮಗುವನ್ನು ಎಷ್ಟು ಬಿಗಿಯಾಗಿ ಅಪ್ಪಿದಳೆಂದರೆ ಅದು ಕುಸುಗುಟ್ಟಿತು.

ದೀಪ ಹೊತ್ತಲಿಲ್ಲ. ಐದು ಕಿಲೋಮೀಟರ್, ಎಂಟು, ಹತ್ತು. ತಳಕಿನ ಹತ್ತಿರ ಒಮ್ಮೆ ಹೊತ್ತಿಕೊಂಡಾಗ ಶ್ರುತಿ ಗಾಜಿನತ್ತ ಬಾಗಿದಳು.

“ಅದು ಕುರಿಗೆ,” ಎಂದಳು ಓಬಕ್ಕ ಕೂಡಲೇ. “ನನ್ನ ಲೆಕ್ಕದಲ್ಲಿ ಕುರಿ ಸೇರಲ್ಲ.”

ನಿಜ, ಮಂದೆಯೊಂದು ರಸ್ತೆ ದಾಟುತ್ತಿತ್ತು. ಅದು ದಾಟಿದ ಮೇಲೆ ಚಳ್ಳಕೆರೆಯ ಎಣ್ಣೆಮಿಲ್ಲುಗಳ ಚಿಮಣಿ ಕಾಣುವವರೆಗೂ ದೀಪ ಮತ್ತೆ ಉರಿಯಲಿಲ್ಲ. ವೇಗದ ಮುಳ್ಳು ಅರವತ್ತೈದರಿಂದ ಆಚೀಚೆ ಕದಲಿಲ್ಲವೆಂದು ಸಂಗಮೇಶ ತನ್ನ ವ್ಯಾನಿನ ಮುಳ್ಳು ತೋರಿಸಿ ತೋರಿಸಿ ಹೇಳಿದ. “ಹಿಂಗೆ ಓಡಿಸೋನು ನಮ್ಮಲ್ಲಿ ಒಬ್ಬನೂ ಇಲ್ಲ. ಇವನೇ ಮುಂದೆ ಹೋಗ್ಲಿ, ಸಾಲು ಇವನ ಹಿಂದೆ.”

ಮಲ್ಲಿಕನ ಗ್ಯಾರೇಜಿನ ಮುಂದೆ ಇಳಿದ ಅಶ್ವಥ್‌ಗೆ ಶ್ರುತಿ ಆಗ ಎಲ್ಲವನ್ನೂ ಹೇಳಿದಳು. ಅವನು ತನ್ನ ಬಲಗಾಲನ್ನು ಯಾರದೋ ಎಂಬಂತೆ ನೋಡಿಕೊಂಡ. ಕಿವಿ ಕೆಂಪಾಯಿತು.

“ಮೊದ್ಲೇ ಹೇಳೋದಲ್ವೇನೇ?”

“ಹೇಳಿದ್ರೆ ಕಾಲು ನೋಡ್ಕೊಂಡು ಕೆರೆಗೆ ಇಳಿಸ್ತಿದ್ರಿ.”

ಸಂಕ್ರಾಂತಿ ಕಳೆದ ಮೂರನೇ ದಿನ ಬೆಳಿಗ್ಗೆ ಐದು ಬೈಕುಗಳು ಚಳ್ಳಕೆರೆಯಿಂದ ಹೊರಟವು, ಕೆಂಪು ಬೈಕು ಮುಂದೆ. ಶ್ರುತಿ ಎರಡು ದಿನ ಉಂಡದ್ದು ಅಷ್ಟಕ್ಕಷ್ಟೆ. ಕೃಷ್ಣಗಿರಿ, ಸೇಲಂ, ದಿಂಡಿಗಲ್ ಎಂದು ಎಸ್‌ಟಿಡಿ ಬೂತುಗಳಿಂದ ಒಂದಾದ ಮೇಲೊಂದು ಕರೆ ಬಂತು. ಎರಡನೇ ಸಂಜೆ ಫೋನೆತ್ತಿದಾಗ ಮೊದಲು ಕೇಳಿದ್ದು ಗಾಳಿಯ ಸದ್ದು.

“ಮುಂದೆ ರಸ್ತೇನೇ ಇಲ್ಲ ಕಣೇ,” ಎಂದ ಅಶ್ವಥ್. “ಬರೀ ನೀರು. ಮೂರು ಕಡೆಯೂ.”

“ಬೆನ್ನು ನೋಯ್ತಿದೆಯಾ? ಊಟ ಮಾಡಿದ್ರಾ?”

“ಸಂಗಮೇಶಂಗೆ ನೋಯ್ತಿದೆ. ನಂಗಿಲ್ಲ.” ಆಮೇಲೆ, “ಬರ್ತಾ ರಾಮೇಶ್ವರ ನೋಡ್ಕೊಂಡು ಬರೋಣ ಅಂತಾರೆ. ಇನ್ನೂ ಇನ್ನೂರು ಮುನ್ನೂರು ಕಿಲೋಮೀಟರ್ ಜಾಸ್ತಿ ಆಗ್ತೈತೆ,” ಎಂದ.

“ನೋಡ್ಕೊಂಡೇ ಬನ್ನಿ,” ಎಂದಳು ಶ್ರುತಿ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಸೊಸೆ ಆರಿಸಿದ ಗಾಡಿಯಲ್ಲಿ ಮಗ ಸಮುದ್ರ ಮುಟ್ಟಿದನೆಂದು ಓಬಕ್ಕ ಆಗಲೇ ಬೀದಿಗಿಳಿದು ತೆಲುಗಿನಲ್ಲಿ ಸಾರುತ್ತಿದ್ದಳು. ಒಂದೊಂದೇ ಮನೆಯಲ್ಲಿ ಲಾಳಿಯ ಸದ್ದು ನಿಂತಿತು. ಗಂಡಸರು ಬೆರಳಿಗೆ ಅಂಟಿದ ರೇಷ್ಮೆಯ ಎಳೆ ಬಿಡಿಸಿಕೊಳ್ಳುತ್ತಲೇ ಹೊರಗೆ ಬಂದರು. ಎದುರು ಮನೆಯ ದುರುಗಣ್ಣ, ನಲವತ್ತು ವರ್ಷ ಮಗ್ಗ ಬಿಟ್ಟು ಕದಲದವನು, ಜಗಲಿಯ ತುದಿಗೆ ಬಂದು ಸಂಕೋಚದಿಂದ ಕೇಳಿದ:

“ಶ್ರುತಮ್ಮಾ, ನನ್ನಂಥೋನಿಗೆ ಯಾವ ಗಾಡಿ ಆಗ್ತೈತೆ?”

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಶ್ರುತಿ ಅವನ ಮನೆಯ ಮೆಟ್ಟಿಲು ಹತ್ತಿದಳು. “ಮೊದ್ಲು ಮಗ್ಗದಲ್ಲಿ ಕೂತ್ಕೊಳ್ಳಿ ದುರುಗಣ್ಣ. ನಿಮ್ಮ ಕಾಲು ನೋಡ್ಬೇಕು.”