ಬರಿದಾಗಿ ಕೊಡಬಾರದ ಫೋನು

ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಯಾರ ಫೋನು ಮುನಿಸಿಕೊಂಡರೂ ಅದು ನಂಜನಗೂಡಿನ ನನ್ನ ಅಡುಗೆಮನೆಗೇ ಬರುತ್ತದೆ. ಪರದೆಯ ಮೇಲಿನ ಇಂಗ್ಲಿಷು ಓದಿ ಹೇಳುತ್ತೇನೆ, ಅಷ್ಟೇ ನನ್ನ ವಿದ್ಯೆ. ಹೀಗೇ ಒಮ್ಮೆ ತಿ. ನರಸೀಪುರದಿಂದ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ತನ್ನ ಹಳೆಯ ಫೋನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಳು.

"ಅಕ್ಕಾ, ಹೊಸದು ಬಂತಲ್ಲ, ಇದ್ನ ಅಂಗ್ಡಿಗೆ ಕೊಟ್ಬುಡ್ತೀನಿ. ಮೊದ್ಲು ಒಳಗಿರೋದೆಲ್ಲ ಅಳಿಸ್ಕೊಡಿ. ಒಂದೂ ಉಳೀಬಾರ್ದು."

ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಅವಳಿಗೆ ಎದೆಯ ಆಪರೇಷನ್ ಆಗಿತ್ತು. ಗಾಯ ಹೇಗೆ ಒಣಗುತ್ತಿದೆಯೆಂದು ಫೋಟೋ ಕಳಿಸಲು ಮೈಸೂರಿನ ಡಾಕ್ಟರಮ್ಮ ಹೇಳಿದ್ದರು. ಬಚ್ಚಲುಮನೆಯ ಚಿಲಕ ಹಾಕಿಕೊಂಡು ತಾನೇ ತೆಗೆದು ಕಳಿಸುತ್ತಿದ್ದಳು. ನಿಜ ಗೊತ್ತಿದ್ದದ್ದು ಅವಳ ಗಂಡನಿಗೆ ಮತ್ತು ನನಗೆ. ಬೇರೆಯವರಿಗೆಲ್ಲ ಹೊಟ್ಟೆಯಲ್ಲಿ ಕಲ್ಲು ಎಂದಿದ್ದೆವು. ಮೊಬೈಲ್ ಅಂಗಡಿ ಇರುವುದು ಅವಳ ಬೀದಿಯ ತುದಿಯಲ್ಲೇ; ಆ ಫೋನು ಕೊಳ್ಳುವವರೂ ನಾಳೆ ಸೊಪ್ಪಿನ ಗಾಡಿಯ ಹತ್ತಿರ ಎದುರಾಗುವವರೇ.

ಫೋಟೋಗಳೆಲ್ಲ ಹೊಸ ಫೋನಿನಲ್ಲಿ ಸಿಗುತ್ತಿವೆಯೇ ಎಂದು ನೋಡಿಕೊಂಡೆ, ಡಾಕ್ಟರಮ್ಮ ಮತ್ತೆ ಕೇಳಬಹುದು. ಹಳೆಯದರಿಂದ ಸಿಮ್ಮು, ಮೆಮೊರಿ ಕಾರ್ಡು ತೆಗೆದೆವು. ಕವರಿನೊಳಗೆ ವಿಭೂತಿಯ ಪೊಟ್ಟಣವೊಂದಿತ್ತು, ಅದನ್ನು ಅವಳು ಕಣ್ಣಿಗೊತ್ತಿಕೊಂಡು ಪರ್ಸಿಗೆ ಹಾಕಿಕೊಂಡಳು. ಎರಡೂ ಫೋನಿಗೆ ಫೋಟೋ ಹಂಚುವ ಅವಳ ಖಾತೆಯನ್ನು ಹಳೆಯ ಫೋನಿನಿಂದ ತೆಗೆದು, ಕೊನೆಗೆ ಫ್ಯಾಕ್ಟರಿ ರೀಸೆಟ್ ಒತ್ತಿದೆ. ಪರದೆ ಬೆಳ್ಳಗೆ ಬಂದು ನಿಂತಿತು.

"ನೋಡು, ತೊಳೆದಿಟ್ಟ ತಟ್ಟೆ ಥರ ಆಯ್ತು."

ಅವಳಿಗೆ ಆ ಬಿಳುಪು ಹಿಡಿಸಲಿಲ್ಲ. "ಇಂಗೇ ಬರಿದಾಗಿ ಕೊಡೋದಾ ಅಕ್ಕಾ?"

ನಮ್ಮ ಕಡೆ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಕೊಡುತ್ತೇವೆ. ಅದನ್ನೇ ತಮಾಷೆಗೆ ಹೇಳುತ್ತಿದ್ದಾಳೆಂದುಕೊಂಡು ನಕ್ಕೆ.

ಅದೇ ವಾರ ಒಂದು ಬೆಳಿಗ್ಗೆ, ಒಲೆಯ ಮೇಲೆ ಹಾಲಿಟ್ಟಿದ್ದಾಗ ಅವಳ ಫೋನ್ ಬಂತು.

"ಅಕ್ಕಾ, ನಾನು ತೆಗೀದೇ ಇರೋ ಫೋಟೋ ನನ್ ಫೋನಲ್ಲಿ ಬಂದದೆ. ಒಂದು ಟೀ ಲೋಟ. ಅರ್ಧ ಕುಡ್ದವ್ರೆ. ಪಕ್ಕದಲ್ಲಿ ಸ್ಕ್ರೂಡ್ರೈವರ್."

"ಕೊಡೋಕೆ ಮುಂಚೆ ಆ ಫೋನಿಗೆ ಏನಾದ್ರೂ ಮಾಡ್ದಾ?"

"ಬರಿದಾಗಿ ಕೊಡಬಾರ್ದು ಅಂತ ಪರದೆಗೆ ನಂಜುಂಡೇಶ್ವರನ ಫೋಟೋ ಹಾಕ್ದೆ. ಫೋಟೋ ಬೇಕಲ್ಲ, ಅದಕ್ಕೆ ನನ್ ಖಾತೆ ಪಾಸ್‌ವರ್ಡ್ ಒತ್ತಿ ಒಳಗೋದೆ. ಅಷ್ಟೇ ಅಕ್ಕಾ."

ದೇವರೊಬ್ಬನಿಗಾಗಿ ಬಾಗಿಲು ತೆಗೆದಿದ್ದಳು, ಖಾತೆಯಲ್ಲಿದ್ದದ್ದೆಲ್ಲ ಅವನ ಹಿಂದೆಯೇ ಬಂದಿತ್ತು. ಅಂಗಡಿಯವನ ಟೀ ಲೋಟ ಇವಳಿಗೆ ಕಾಣುವುದಾದರೆ ಇವಳ ಗಾಯ ಅವನಿಗೂ ಕಾಣುತ್ತದೆ. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಒಲೆ ಆರಿಸಿ ಸಿಕ್ಕಿದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಆಪರೇಷನ್ ಆದಮೇಲೆ ಸೆರಗನ್ನು ಬಿಗಿಯಾಗಿ ಎಳೆದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಅಂದು ದಾರಿಯುದ್ದಕ್ಕೂ ಎಳೆದುಕೊಳ್ಳುತ್ತಲೇ ಇದ್ದಳು.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿದ ನಡುವಯಸ್ಸಿನವನು. ಮುಂದೆ ಅದೇ ಟೀ ಲೋಟ.

"ಏನಕ್ಕಾ, ಗಂಡನ ಮನೆಗೆ ಕಳ್ಸಿದ್ ಮಗಳಾ ಇದು, ನೋಡ್ಕಂಡೋಗಕ್ಕೆ ಬಂದಿರಾ?"

"ಏನೋ ಮರೆತುಬಿಟ್ವಿ, ಸ್ವಲ್ಪ ಕೊಡಿ," ಎಂದೆ.

"ತಕ್ಕಳಿ. ಮೊದ್ಲೇ ಅಳಿಸ್ಬೇಕಿತ್ತು. ದೇವ್ರು ಕುಂತವ್ನಲ್ಲ ಅಂತ ಕೈ ಬರ್ನಿಲ್ಲ. ಕ್ಯಾಮೆರಾ ಕ್ಲಿಯರ್ ಅದಾ ಅಂತ ಒಂದು ಫೋಟೋ ಒಡ್ದು ನೋಡ್ದೆ."

ವಾರಗಿತ್ತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನಿಗೂ ಅದು ತಿಳಿಯಿತೇನೋ, ಕನ್ನಡಕ ಕೆಳಗಿಳಿಸಿ ಬೇರೆ ಫೋನೊಂದನ್ನು ಬಿಚ್ಚತೊಡಗಿದ. ತಲೆಯೆತ್ತದೆಯೇ ಹೇಳಿದ: "ಬ್ಯಾರೆಯವ್ರ ಫೋಟೋ ನಾ ತೆಗ್ದು ನೋಡಕಿಲ್ಲ ಕಣಕ್ಕಾ. ನನ್ ಎಂಡ್ರೂ ಇದೇ ಊರಲ್ಲಿ ತನ್ ಅಳೇ ಫೋನ್ ಮಾರವ್ಳೆ."

ನಾನು ಖಾತೆ ತೆಗೆದೆ. ರೀಸೆಟ್ ಒತ್ತಲು ಫೋನನ್ನು ಅವಳ ಕೈಗೇ ಕೊಟ್ಟೆ.

"ನಂಜುಂಡೇಶ್ವರನೂ ಓಯ್ತಾನಲ್ಲ ಅಕ್ಕಾ."

"ಅವನಿಗೆ ನಮ್ಮೂರಲ್ಲಿ ಮನೆ ಇದೆ, ಒತ್ತು."

ಒತ್ತಿದಳು. ಪರದೆ ಬೆಳ್ಳಗಾಗುವವರೆಗೂ ಅದನ್ನು ಸೆರಗಿನ ಮರೆಯಲ್ಲೇ ಹಿಡಿದಿದ್ದಳು. ಆಮೇಲೆ ಫೋನನ್ನು ಕೌಂಟರಿನ ಗಾಜಿನ ಮೇಲಿಟ್ಟು, ಪರ್ಸಿನಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದು ಅದರ ಪಕ್ಕಕ್ಕಿಟ್ಟಳು. ಮನೆಯಿಂದಲೇ ತಂದಿದ್ದಳು.

"ಇದೆಂಥದಮ್ಮಾ?" ಎಂದ.

"ಬರಿದಾಗಿ ಕೊಡಬಾರ್ದು."

"ಫೋನ್ ತಕ್ಕಂಡವ್ರಿಗೆ ಕೊಡ್ಲಾ, ನಾನೇ ತಿನ್ಲಾ? ಇವತ್ತು ಟೀಗೆ ಸಕ್ಕರೆ ಬ್ಯಾರೆ ಕಮ್ಮಿ."

ಅವಳು ಜೋರಾಗಿ ನಕ್ಕಳು. ನನ್ನನ್ನು ಬಸ್ಸು ಹತ್ತಿಸಲು ಬರುವಾಗ ಆ ಟೀ ಲೋಟದ ಫೋಟೋ ಇಟ್ಟುಕೊಳ್ಳಲೋ ಅಳಿಸಲೋ ಎಂದು ದಾರಿಯುದ್ದಕ್ಕೂ ಚರ್ಚೆ. ಮಾತಿನ ಭರದಲ್ಲಿ ಸೆರಗು ಸಡಿಲವಾಗಿತ್ತು, ಅವಳು ಗಮನಿಸಿರಲಿಲ್ಲ. ನಾನೂ ಹೇಳಲಿಲ್ಲ.