ನೆರಿಡಾ ಕೇಳಿಸಿಕೊಂಡಿದ್ದು

ಟಾಸ್ಮೇನಿಯಾದ ನಮ್ಮ ಗಣಿಯೂರಿನ ಬ್ಯಾಂಕ್ ಶಾಖೆ ಮುಚ್ಚಲು ಎರಡು ವಾರವಿತ್ತು. ಮುಂದೆ ಎಲ್ಲ ವ್ಯವಹಾರವೂ ಫೋನಿನ ಆ್ಯಪ್‌ನಲ್ಲೇ. ಬಂದವರಿಗೆಲ್ಲ ಅದನ್ನು ಹಾಕಿಕೊಡುವುದು ನನ್ನ ಕೊನೆಯ ಕೆಲಸವಾಗಿತ್ತು. ನೆರಿಡಾ ಬ್ಲೈತ್‌ಳ ಫೋನಿನಲ್ಲಿ ಮಾತ್ರ ಅದು ಕೂರಲಿಲ್ಲ. ‘ಈ ಫೋನ್ ಸುರಕ್ಷಿತವಲ್ಲ’ ಎಂದು ತೋರಿಸಿ ತಾನಾಗಿಯೇ ಮುಚ್ಚಿಕೊಂಡಿತು.

ಎಪ್ಪತ್ಮೂರು ವರ್ಷದ ನೆರಿಡಾ, ಫೋನ್ ಕಂಪನಿಯವರು ತುಂಬಿಸಿದ್ದನ್ನೆಲ್ಲ ಅಳಿಸಿ, ಯಾರು ಬೇಕಾದರೂ ಒಳಗನ್ನು ಓದಿ ನೋಡಬಹುದಾದ ಮುಕ್ತ ತಂತ್ರಾಂಶವನ್ನು ತಾನೇ ಹಾಕಿಕೊಂಡಿದ್ದಳು. ಬ್ಯಾಂಕಿನ ಆ್ಯಪ್ ಅದನ್ನು ನಂಬುತ್ತಿರಲಿಲ್ಲ.

“ಬೇರೆ ಫೋನ್ ತಗೊಂಡ್ಬಿಡು ಮಾರಾಯ್ತಿ. ನಿನ್ನ ಪಿಂಚಣೀನ ಯಾರು ಕದ್ದು ನೋಡ್ತಾರೆ?” ಅಂದೆ.

“ಕದ್ದು ಕೇಳೋರು ಹೇಗಿರ್ತಾರೆ ಅಂತ ನಂಗೊತ್ತು ಕಣೇ. ನಾನೇ ಕೇಳ್ತಿದ್ದೆ.”

ಸಾವಿರದ ಒಂಬೈನೂರ ಎಪ್ಪತ್ತೆಂಟರ ಗಣಿ ಮುಷ್ಕರದಲ್ಲಿ ಅವಳು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ಕೆಲಸದಲ್ಲಿದ್ದಳು. ಕಾರ್ಮಿಕ ಮುಖಂಡ ಕ್ಲೆಮ್ ಹಾರ್ಕಿನ್ ಯಾರ ಹತ್ತಿರ ಏನು ಮಾತಾಡುತ್ತಾನೆಂದು ಬರೆದುಕೊಡು ಅಂದ ಅವಳ ಮೇಲಧಿಕಾರಿ. ಮೂರು ವಾರ ಬರೆದುಕೊಟ್ಟಳು. ಮುಷ್ಕರ ಮುರಿಯಿತು, ಕ್ಲೆಮ್‌ನನ್ನು ಯಾವ ಗಣಿಯೂ ಸೇರಿಸಿಕೊಳ್ಳಲಿಲ್ಲ. ಆ ಚಳಿಗಾಲ ಅವನ ಹೆಣ ಸರೋವರದಲ್ಲಿ ಸಿಕ್ಕಿತು.

“ಮುಷ್ಕರ ಮುರಿದ್ಮೇಲೆ ಬರಿಯೋದು ನಿಂತಿತ್ತು. ಕೇಳೋ ಚಾಳಿ ನಿಲ್ಲಲಿಲ್ಲ,” ಅಂದಳು ನೆರಿಡಾ. “ಈಗಲೂ ಅವನ ದನಿ ಹೋಗಿಲ್ಲ. ಒಳಗೇನಿದೆ ಅಂತ ತೋರಿಸದ ಯಂತ್ರಾನ ಮನೇಲಿಟ್ಕೊಳಲ್ಲ.”

ನಾನು ತಲೆಯೆತ್ತಿದೆ. ಸಾಲಿನಲ್ಲಿ ಅವಳ ಬೆನ್ನ ಹಿಂದೆಯೇ ನಿಂತಿದ್ದವಳು ಕ್ಲೆಮ್‌ನ ಹೆಂಡತಿ ಬೆರಿಲ್.

ಬೆರಿಲ್ ಕೂಗಾಡಲಿಲ್ಲ. “ಕೊನೇ ದಿನ ಸರೋವರದ ಹತ್ರದ ಬೂತಿಂದ ನಂಗೆ ಫೋನ್ ಮಾಡಿದ್ನಲ್ಲ, ಅದನ್ನೂ ಕೇಳಿದ್ಯಾ?”

ನೆರಿಡಾ ತಿರುಗಿದಳು. ಹೌದೆಂಬಂತೆ ತಲೆ ಅಲ್ಲಾಡಿಸಿದಳು.

“ಮಗು ಅಳ್ತಿತ್ತು. ನಂಗೆ ಸರಿಯಾಗಿ ಕೇಳಿಸ್ಲೇ ಇಲ್ಲ. ಏನಂದ? ಹೇಳು.”

“‘ಒಲೆ ಆರಿಸ್ಬೇಡ ಬೆರಿಲ್, ಬರ್ತಾ ಇದೀನಿ’ ಅಂದ. ಆಮೇಲೆ ನಿನ್ನ ಹೆಸರು, ಇನ್ನೊಂದ್ಸಲ.”

ಬೆರಿಲ್ ಕೌಂಟರಿನ ಅಂಚನ್ನು ಹಿಡಿದು ನಿಂತಳು. “ಆರಿಸ್ಬಿಟ್ಟಿದ್ದೆ,” ಅಂದವಳು, ಬಂದ ಕೆಲಸವನ್ನೇ ಬಿಟ್ಟು ಹೊರಟುಹೋದಳು.

ಆ್ಯಪ್ ವಿಷಯಕ್ಕೆ ನೆರಿಡಾ ಬ್ಯಾಂಕಿಗೆ ಮೂರು ದೂರು ಬರೆದಳು. ಮೂರಕ್ಕೂ ಒಂದೇ ಉತ್ತರ ಬಂತು, ಅಕ್ಷರವೂ ಬದಲಾಗಿರಲಿಲ್ಲ. ಖಾತೆ ಮುಚ್ಚಿ, ದೂರದ ಬರ್ನಿ ಪಟ್ಟಣದಲ್ಲಿ ಇನ್ನೂ ಕೌಂಟರ್ ಇರುವ ಚಿಕ್ಕ ಸಹಕಾರಿ ಬ್ಯಾಂಕಿಗೆ ಹೋದಳು. ಪಿಂಚಣಿಗೆಂದು ಈಗ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರುತ್ತಾಳೆ.

ಬೆರಿಲ್ ಅವಳೊಂದಿಗೆ ಮಾತು ಬಿಟ್ಟಿದ್ದಾಳೆ. ಆದರೆ ಕೆಲವು ಸಂಜೆ ನೆರಿಡಾಳ ಫೋನಿಗೆ ಬೆರಿಲ್‌ಳ ಮನೆಯಿಂದ ಕರೆ ಬರುತ್ತದೆ. ಆಚೆಯಿಂದ ಬರೀ ಉಸಿರು. ನೆರಿಡಾ ಆ ಎರಡು ಮಾತನ್ನು, ಕ್ಲೆಮ್ ಹೇಳಿದಂತೆಯೇ, ಮತ್ತೊಮ್ಮೆ ಹೇಳುತ್ತಾಳೆ. ಆಚೆ ಫೋನ್ ಇಡುವ ಸದ್ದು ಕೇಳಿಸುವವರೆಗೂ ಇವಳು ಇಡುವುದಿಲ್ಲ.